ಓದಿದ ಕಥೆಯನ್ನು ಬಡಿಸುವುದು ಹೇಗೆ

ನಾವು ಎಂಟು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ಎಲ್ಲರೂ ಒಂದೇ ಕಾದಂಬರಿ ಓದಿಕೊಂಡು ಬರುತ್ತಾರೆ. ಆ ಕಾದಂಬರಿಗೆ ಹೊಂದುವ ತಿಂಡಿ, ಕಾಕ್‌ಟೇಲ್ ಮಾಡುವುದು ನನ್ನ ಪಾಲಿನ ಕೆಲಸ. ಆರು ವರ್ಷದಿಂದ ಪ್ರೀತಿಯಿಂದ ಮಾಡುತ್ತಿದ್ದೇನೆ.

ಮೊದಲ ಸಲ ನಾವು ಓದಿದ್ದು ಸಮುದ್ರದ ಕಥೆ. ಸಮುದ್ರ ಅಂದ ಕೂಡಲೇ ನೀಲಿ ಅಂದುಕೊಂಡೆ. ನೀಲಿ ಲಿಕ್ಯೂರ್, ಅಂದರೆ ಸಿಹಿ ಮದ್ಯ, ತಂದೆ, ಸೋಡಾ ಬೆರೆಸಿದೆ, ಗ್ಲಾಸಿನ ಅಂಚಿಗೆ ಸಕ್ಕರೆ ಹಚ್ಚಿದೆ. ಎಲ್ಲರೂ ಫೋಟೊ ತೆಗೆದರು. ಆಮೇಲೆ ಕುಡಿದರು. ಬರೀ ಸಿಹಿ. ಅರ್ಧ ಗ್ಲಾಸ್ ಹಾಗೇ ಉಳಿಯಿತು. ಆ ಕಥೆಯಲ್ಲಿ ಉಪ್ಪುಗಾಳಿ ಇತ್ತು, ಒದ್ದೆ ಹಗ್ಗದ ವಾಸನೆ ಇತ್ತು, ರಾತ್ರಿಯಿಡೀ ಉರಿಯುವ ಲಾಟೀನಿನ ಹೊಗೆ ಇತ್ತು. ಯಾವುದೂ ಗ್ಲಾಸಿಗೆ ಬಂದಿರಲಿಲ್ಲ. ಅದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ ವಿಷಯಕ್ಕೆ. ನಮ್ಮಲ್ಲಿ ಒಬ್ಬ ಗೆಳತಿ ಮದ್ಯ ಮುಟ್ಟುವುದಿಲ್ಲ. ಆ ಪುಸ್ತಕ ಆರಿಸಿದ್ದೇ ಅವಳು. ಸಂಜೆಯೆಲ್ಲ ನೀರಿನ ಲೋಟ ಹಿಡಿದು ಕೂತಿದ್ದಳು.

ಅವತ್ತಿನಿಂದ ಎರಡು ನಿಯಮ ಇಟ್ಟುಕೊಂಡಿದ್ದೇನೆ. ಬಣ್ಣದಿಂದ ಶುರು ಮಾಡುವುದಿಲ್ಲ, ಪುಟದಿಂದ ಶುರು ಮಾಡುತ್ತೇನೆ. ಮದ್ಯ ಇರುವ ಪಾನೀಯಕ್ಕೆ ಎಷ್ಟು ಯೋಚನೆ ಮಾಡುತ್ತೇನೋ, ಮದ್ಯ ಇಲ್ಲದ್ದಕ್ಕೂ ಅಷ್ಟೇ ಮಾಡುತ್ತೇನೆ. ಈ ಬರಹದಲ್ಲಿ ಹೇಳುವುದೆಲ್ಲ ಈ ಎರಡು ನಿಯಮದಿಂದ ಬಂದದ್ದೇ.

ಮೊದಲು ಪೆನ್ಸಿಲ್ ಹಿಡಿದು ಓದಿ

ಅಡುಗೆಮನೆಗೆ ಹೋಗುವ ಮುಂಚೆ ಪುಸ್ತಕವನ್ನು ಇನ್ನೊಮ್ಮೆ ತಿರುವಿ ಹಾಕಿ. ಕಥೆಗಾಗಿ ಅಲ್ಲ, ಬಾಯಿ ಮತ್ತು ಮೂಗಿಗಾಗಿ. ಯಾರಾದರೂ ಏನಾದರೂ ತಿಂದರೆ, ಕುಡಿದರೆ, ಯಾವುದಾದರೂ ವಾಸನೆ ಬಂದರೆ ಅಂಚಿನಲ್ಲಿ ಗುರುತು ಹಾಕಿ. ಆ ಹೊತ್ತಿಗೆ ಬಿಸಿಲಿತ್ತೋ ಚಳಿಯಿತ್ತೋ, ಅವರಿಗೆ ಹಸಿವಿತ್ತೋ ಭಯವಿತ್ತೋ, ಅದನ್ನೂ ಬರೆದುಕೊಳ್ಳಿ. ಇಡೀ ಕಾದಂಬರಿಗೆ ಒಂದು ಹಾಳೆ ಸಾಕು.

ಹೀಗೆ ಓದಿದರೆ ಮೂರು ಥರದ ಜಾಗ ಸಿಗುತ್ತವೆ. ಕೆಲವು ಕಡೆ ಲೇಖಕರೇ ಅಳತೆ ಸಮೇತ ಹೇಳಿರುತ್ತಾರೆ. ಕೆಲವು ಕಡೆ ತಿಂಡಿಯ ಹೆಸರಷ್ಟೇ ಇರುತ್ತದೆ, ಮಾಡುವ ಬಗೆ ಇರುವುದಿಲ್ಲ. ಇನ್ನು ಕೆಲವು ದೃಶ್ಯಗಳಲ್ಲಿ ತಿನ್ನುವುದು, ಕುಡಿಯುವುದು ಏನೂ ಇರುವುದಿಲ್ಲ, ಆದರೂ ದೃಶ್ಯಕ್ಕೆ ಅದರದೇ ರುಚಿ ಇರುತ್ತದೆ. ಮೊದಲ ಬಗೆ ಸುಲಭ ಅನ್ನಿಸುತ್ತದೆ. ಆದರೆ ನಾವು ಅವಸರಪಟ್ಟು ತಪ್ಪುವುದು ಅಲ್ಲೇ.

ಲೇಖಕರು ಅಳತೆ ಕೊಟ್ಟಾಗ

1953ರಲ್ಲಿ ಬಂದ ಇಯಾನ್ ಫ್ಲೆಮಿಂಗ್ ಅವರ ಮೊದಲ ಬಾಂಡ್ ಕಾದಂಬರಿ 'ಕ್ಯಾಸಿನೊ ರಾಯಲ್'ನಲ್ಲಿ ನಾಯಕ ತನ್ನ ಪಾನೀಯವನ್ನು ತಾನೇ ಹೇಳಿ ಮಾಡಿಸುತ್ತಾನೆ. ಮೂರು ಪಾಲು ಜಿನ್, ಒಂದು ಪಾಲು ವೋಡ್ಕಾ, ಅರ್ಧ ಪಾಲು ಕೀನಾ ಲಿಲೆ ಅನ್ನುವ ಕಹಿ ಬೆರೆತ ವೈನ್. ಮಂಜಿನಷ್ಟು ತಣ್ಣಗಾಗುವ ತನಕ ಶೇಕ್ ಮಾಡಿ, ತೆಳುವಾದ ದೊಡ್ಡ ನಿಂಬೆ ಸಿಪ್ಪೆ ಹಾಕಬೇಕು. ಇದಕ್ಕೇ ಆಮೇಲೆ ವೆಸ್ಪರ್ ಅಂತ ಹೆಸರು ಬಂತು. ಮನೆಯಲ್ಲಿ ಮಾಡುವಾಗ 45 ಮಿಲಿ ಜಿನ್, 15 ಮಿಲಿ ವೋಡ್ಕಾ, 7.5 ಮಿಲಿ ಲಿಲೆ ಸಾಕು. ಕೀನಾ ಲಿಲೆ ಈಗ ತಯಾರಾಗುವುದಿಲ್ಲ. ಅದರ ಬದಲು ಬಂದ ಲಿಲೆ ಬ್ಲಾಂಕ್‌ನಲ್ಲಿ ಹಳೆಯ ಕಹಿ ಕಡಿಮೆ. ಹಾಗಾಗಿ ಬಿಟರ್ಸ್ ಅನ್ನುವ ಕಹಿ ಸಾರವನ್ನು ಎರಡು ಹನಿ ಹಾಕಿ, ಇಲ್ಲವೇ ಅಂಥದೇ ಕಹಿ ವೈನ್ ಆದ ಕೊಕ್ಕಿ ಅಮೆರಿಕಾನೊ ಬಳಸಿ. ಆ ಕಹಿಯನ್ನು ಬಿಡಬೇಡಿ. ಕಾದಂಬರಿಯ ಕೊನೆ ಓದಿದವರಿಗೆ ಯಾಕೆ ಅಂತ ಗೊತ್ತಾಗುತ್ತದೆ.

ಬರೀ ಮದ್ಯದಿಂದಲೇ ಆಗುವ ಕಾಕ್‌ಟೇಲ್ ಅನ್ನು ಸಾಮಾನ್ಯವಾಗಿ ಐಸ್‌ನಲ್ಲಿ ಕಲಕುತ್ತಾರೆ. ನಿಂಬೆರಸ, ಹಾಲು, ಮೊಟ್ಟೆ ಇದ್ದರೆ ಶೇಕ್ ಮಾಡುತ್ತಾರೆ. ವೆಸ್ಪರ್‌ನಲ್ಲಿ ನಿಂಬೆರಸ ಇಲ್ಲ, ಆದರೂ ಪುಸ್ತಕ ಶೇಕ್ ಮಾಡಿ ಅನ್ನುತ್ತದೆ. ನಾನು ಪುಸ್ತಕದ ಮಾತನ್ನೇ ಕೇಳುತ್ತೇನೆ. ಐಸ್‌ನ ಸಣ್ಣ ಚೂರುಗಳು ಮೇಲೆ ತೇಲುತ್ತವೆ, ಪಾನೀಯ ಸ್ವಲ್ಪ ಮಬ್ಬಾಗುತ್ತದೆ. ಇರಲಿ ಬಿಡಿ. ಊಟಕ್ಕೆ ಮುಂಚೆ ಒಂದಕ್ಕಿಂತ ಹೆಚ್ಚು ಕುಡಿಯುವುದಿಲ್ಲ ಅಂತ ಅದೇ ನಾಯಕ ಹೇಳುತ್ತಾನೆ. ಅದನ್ನೂ ಪಾಲಿಸಿ. ಇದು ತುಂಬ ಗಟ್ಟಿ ಪಾನೀಯ.

ಅದೇ 1953ರಲ್ಲಿ ಬಂದ ರೇಮಂಡ್ ಚಾಂಡ್ಲರ್ ಅವರ 'ದಿ ಲಾಂಗ್ ಗುಡ್‌ಬೈ'ಯಲ್ಲಿ ಗಿಮ್ಲೆಟ್ ಬರುತ್ತದೆ. ಅರ್ಧ ಜಿನ್, ಅರ್ಧ ಲೈಮ್ ಕಾರ್ಡಿಯಲ್ (ನಿಂಬೆಯ ಸಿಹಿ ಪಾಕ), ಬೇರೇನೂ ಇಲ್ಲ. ಈಗಿನ ನಾಲಗೆಗೆ ಅದು ಸಿಹಿ ಜಾಸ್ತಿ. ಕುಡಿಯಲು ಚೆನ್ನಾಗಿರಬೇಕು ಅಂದರೆ 60 ಮಿಲಿ ಜಿನ್‌ಗೆ 25 ಮಿಲಿ ಕಾರ್ಡಿಯಲ್ ಸಾಕು. ಆದರೆ ಮೊದಲು ಪುಸ್ತಕದ ಅಳತೆಯಲ್ಲೇ ಪುಟ್ಟ ಗ್ಲಾಸಿನಲ್ಲಿ ಎಲ್ಲರಿಗೂ ಒಂದೊಂದು ಗುಟುಕು ಕೊಡಿ. ಎರಡನೆಯದು ನಿಮ್ಮ ಅಳತೆಯದಾಗಲಿ. ನಮ್ಮ ಮನೆಯಲ್ಲಿ ಯಾವುದು ಸರಿ ಅನ್ನುವ ವಾದ ಅರ್ಧ ಗಂಟೆ ನಡೆದಿತ್ತು. ಆ ವಾದದಲ್ಲೇ ಇಬ್ಬರು ಪಾತ್ರಗಳ ಗೆಳೆತನದ ಮಾತೂ ಬಂತು.

ಊಟದಲ್ಲೂ ಹೀಗೇ. 'ಮೋಬಿ ಡಿಕ್' ಹರ್ಮನ್ ಮೆಲ್ವಿಲ್ ಅವರ 1851ರ ಕಾದಂಬರಿ. ಅದರ 15ನೆಯ ಅಧ್ಯಾಯದ ಹೆಸರೇ ಚೌಡರ್. ಅಂದರೆ ಕಪ್ಪೆಚಿಪ್ಪಿನ ಗಟ್ಟಿ ಸೂಪ್. ಅದರಲ್ಲಿ ಏನೇನಿತ್ತು ಅಂತ ಮೆಲ್ವಿಲ್ ಒಂದೊಂದಾಗಿ ಹೇಳುತ್ತಾರೆ. ಹೇಜಲ್‌ನಟ್‌ಗಿಂತ ಅಷ್ಟೇನೂ ದೊಡ್ಡದಲ್ಲದ ರಸಭರಿತ ಕಪ್ಪೆಚಿಪ್ಪು, ಪುಡಿ ಮಾಡಿದ ಹಡಗಿನ ಬಿಸ್ಕತ್ತು, ಉಪ್ಪು ಹಾಕಿಟ್ಟ ಹಂದಿಮಾಂಸದ ಸಣ್ಣ ಚೂರು, ಬೆಣ್ಣೆ, ಮೆಣಸು, ಉಪ್ಪು. ಆ ಪಟ್ಟಿಯಲ್ಲಿ ಆಲೂಗಡ್ಡೆ ಇಲ್ಲ, ಗಮನಿಸಿ. ಇವತ್ತಿನ ಚೌಡರ್ ಪಾಕಗಳಲ್ಲಿ ಹೆಚ್ಚಾಗಿ ಆಲೂಗಡ್ಡೆ ಇರುತ್ತದೆ. ಪುಸ್ತಕದಲ್ಲಿ ಸೂಪ್ ಗಟ್ಟಿಯಾಗುವುದು ಬಿಸ್ಕತ್ತಿನಿಂದ. ನೀವೂ ಸಪ್ಪೆ ಕ್ರ್ಯಾಕರ್ ಬಿಸ್ಕತ್ತನ್ನು ಕುಟ್ಟಿ ಹಾಕಿ ನೋಡಿ. ಹಡಗಿನವರ ಊಟ ಅನ್ನುವುದು ಬಾಯಿಗೇ ಗೊತ್ತಾಗುತ್ತದೆ. ಮಾಂಸ ಬೇಡದವರಿಗೆ ಕಪ್ಪೆಚಿಪ್ಪಿನ ಬದಲು ಅಣಬೆ, ಹಂದಿಮಾಂಸದ ಬದಲು ಬೆಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿ. ಬಿಸ್ಕತ್ತು ಮಾತ್ರ ಇರಲೇಬೇಕು.

ಹೆಸರಷ್ಟೇ ಇದ್ದಾಗ

ನನಗೆ ತುಂಬ ಇಷ್ಟವಾದ ಕೆಲಸ ಇದು. ತಿಂಡಿಯ ಹೆಸರು ಇರುತ್ತದೆ, ಅದನ್ನು ತಿಂದವರ ಮನಸ್ಸಿನ ಸ್ಥಿತಿಯೂ ಇರುತ್ತದೆ. ಪಾಕವನ್ನು ನಾವು ಕೂಡಿಸಬೇಕು.

ಸಿ. ಎಸ್. ಲೂಯಿಸ್ ಅವರ ಮೊದಲ ನಾರ್ನಿಯಾ ಕಥೆ 1950ರಲ್ಲಿ ಬಂತು. ಹಿಮದಲ್ಲಿ ನಡುಗುತ್ತಿರುವ ಹುಡುಗನಿಗೆ ಮಾಟಗಾತಿ ಟರ್ಕಿಶ್ ಡಿಲೈಟ್ ಅನ್ನುವ ಮೆತ್ತನೆಯ ಮಿಠಾಯಿ ಕೊಡುತ್ತಾಳೆ. ಆ ಒಂದು ಸಿಹಿಗೆ ಅವನು ಒಡಹುಟ್ಟಿದವರನ್ನೇ ಬಿಟ್ಟುಕೊಡುವ ಹಂತಕ್ಕೆ ಹೋಗುತ್ತಾನೆ. ಮೊದಲ ಸಲ ಓದಿದಾಗ ಇಷ್ಟಕ್ಕೆ ಹೀಗಾ ಅನ್ನಿಸಿತ್ತು. ಆಮೇಲೆ ತಿಳಿಯಿತು. ಆ ಪುಸ್ತಕ ಬಂದಾಗ ಬ್ರಿಟನ್ನಿನಲ್ಲಿ ಮಿಠಾಯಿಗೆ ಇನ್ನೂ ರೇಷನ್ ಇತ್ತು. ಅದು ಮುಗಿದದ್ದು 1953ರ ಫೆಬ್ರವರಿಯಲ್ಲಿ. ಸಿಹಿಯನ್ನು ಎಣಿಸಿಕೊಂಡು ತಿನ್ನುತ್ತಿದ್ದ ಮಕ್ಕಳಿಗೆ ಡಬ್ಬಿ ತುಂಬ ಟರ್ಕಿಶ್ ಡಿಲೈಟ್ ಅಂದರೆ ಏನಾಗಿರಬೇಕು, ಯೋಚಿಸಿ.

ಪುಸ್ತಕ ಮೂರು ಸುಳಿವು ಕೊಡುತ್ತದೆ. ಡಬ್ಬಿ ದುಂಡಗಿದೆ, ಹಸಿರು ರೇಷ್ಮೆ ರಿಬ್ಬನ್ ಕಟ್ಟಿದೆ, ಪ್ರತಿ ತುಂಡೂ ನಡುವಿನ ತನಕ ಸಿಹಿಯಾಗಿ ಹಗುರವಾಗಿದೆ. ಹಗುರ ಅನ್ನುವ ಮಾತು ಮುಖ್ಯ. ಹಲ್ಲಿಗೆ ಅಂಟುವ ರಬ್ಬರಿನಂಥ ತುಂಡು ಆಗಬಾರದು.

ಮಾಡುವುದು ಹೀಗೆ. 400 ಗ್ರಾಂ ಸಕ್ಕರೆ, 180 ಮಿಲಿ ನೀರು, ಒಂದು ಚಮಚ ನಿಂಬೆರಸ ಸೇರಿಸಿ ಒಲೆಯ ಮೇಲಿಡಿ. ಥರ್ಮಾಮೀಟರ್‌ನಲ್ಲಿ 115 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ತಣ್ಣೀರಿಗೆ ಒಂದು ಹನಿ ಬಿಡಿ. ಅದು ಮೆತ್ತನೆಯ ಉಂಡೆಯಾಗಬೇಕು. ಇನ್ನೊಂದು ದಪ್ಪ ತಳದ ಪಾತ್ರೆಯಲ್ಲಿ 65 ಗ್ರಾಂ ಕಾರ್ನ್ ಫ್ಲೋರ್, ಅರ್ಧ ಟೀ ಚಮಚ ಕ್ರೀಮ್ ಆಫ್ ಟಾರ್ಟರ್, 350 ಮಿಲಿ ನೀರು ಗಂಟಿಲ್ಲದೆ ಕಲಸಿ, ಅಂಟಿನ ಹದಕ್ಕೆ ಬರುವ ತನಕ ಕಾಯಿಸಿ. ಈಗ ಪಾಕವನ್ನು ಸ್ವಲ್ಪ ಸ್ವಲ್ಪವೇ ಇದಕ್ಕೆ ಸುರಿಯುತ್ತಾ ತಿರುವಿ. ಆಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಮಧ್ಯೆ ಮಧ್ಯೆ ತಳ ಹತ್ತದಂತೆ ಕೆದಕುತ್ತಿರಿ. ಈ ಹೊತ್ತು ಕಡಿಮೆ ಮಾಡಬೇಡಿ. ಬೇಗ ಇಳಿಸಿದರೆ ಹಿಟ್ಟಿನ ರುಚಿ ಉಳಿಯುತ್ತದೆ, ಮಾರನೆಯ ದಿನ ತುಂಡುಗಳು ನೀರು ಬಿಡುತ್ತವೆ. ತೆಳು ಹೊಂಬಣ್ಣ ಬಂದ ಮೇಲೆ ಒಂದು ಚಮಚ ಪನ್ನೀರು ಬೆರೆಸಿ, ಎಣ್ಣೆ ಸವರಿದ ತಟ್ಟೆಗೆ ಸುರಿಯಿರಿ. ರಾತ್ರಿಯಿಡೀ ಹಾಗೇ ಬಿಡಿ. ಫ್ರಿಜ್‌ನಲ್ಲಿಟ್ಟರೆ ಬೆವರುತ್ತದೆ, ಹೊರಗೇ ಇರಲಿ. ಬೆಳಿಗ್ಗೆ ಎಣ್ಣೆ ಹಚ್ಚಿದ ಚಾಕುವಿನಿಂದ ಕತ್ತರಿಸಿ, ಪುಡಿ ಸಕ್ಕರೆ ಮತ್ತು ಕಾರ್ನ್ ಫ್ಲೋರ್ ಸಮ ಬೆರೆಸಿ ಹೊರಳಿಸಿ.

ಬಡಿಸುವಾಗ ತಲೆಗೆ ಎರಡೇ ತುಂಡು. ಇನ್ನೂ ಬೇಕು ಅನ್ನಿಸಬೇಕು. ಆ ಆಸೆಯೇ ಆ ಅಧ್ಯಾಯದ ಜೀವ. ಜೊತೆಗೆ ಮಾಟಗಾತಿ ಅವನಿಗೆ ಮೊದಲು ಕೊಟ್ಟ ಬಿಸಿ ಪಾನೀಯವೂ ಇರಲಿ. ಅದು ಸಿಹಿಯಾಗಿ, ನೊರೆನೊರೆಯಾಗಿ, ಕೆನೆಯಂತೆ ಇತ್ತು ಅನ್ನುತ್ತದೆ ಪುಸ್ತಕ. ನಾನು ಒಂದು ಲೋಟ ಹಾಲಿಗೆ 30 ಗ್ರಾಂ ಬಿಳಿ ಚಾಕೊಲೇಟ್, ಚೂರು ಜಾಯಿಕಾಯಿ ಹಾಕಿ ಬಿಸಿ ಮಾಡಿ, ನೊರೆ ಬರುವ ತನಕ ಕಡೆಯುತ್ತೇನೆ.

ಇನ್ನೊಂದು ಪಾನೀಯ. 1908ರಲ್ಲಿ ಬಂದ 'ಆ್ಯನ್ ಆಫ್ ಗ್ರೀನ್ ಗೇಬಲ್ಸ್'ನಲ್ಲಿ ಆ್ಯನ್ ತನ್ನ ಗೆಳತಿಗೆ ರಾಸ್ಪ್‌ಬೆರಿ ಕಾರ್ಡಿಯಲ್ ಅಂತ ಕೊಟ್ಟದ್ದು ನಿಜವಾಗಿ ಕರಂಟ್ ಹಣ್ಣಿನ ವೈನ್. ಗೆಳತಿ ಮೂರು ಗ್ಲಾಸ್ ಕುಡಿದುಬಿಡುತ್ತಾಳೆ. ಕಾರ್ಡಿಯಲ್ ಮಾಡುವುದು ಸುಲಭ. ಅರ್ಧ ಕಿಲೋ ರಾಸ್ಪ್‌ಬೆರಿ ತಗೊಳ್ಳಿ, ಫ್ರೀಜರಿನದ್ದಾದರೂ ಸರಿ. 300 ಗ್ರಾಂ ಸಕ್ಕರೆಯ ಜೊತೆ ಕಿವುಚಿ, ಅರ್ಧ ಲೀಟರ್ ಕುದಿಯುವ ನೀರು ಸುರಿದು, ಒಂದು ಗಂಟೆ ಮುಚ್ಚಿಡಿ. ತೆಳು ಬಟ್ಟೆಯಲ್ಲಿ ಸೋಸಿ. ಬಟ್ಟೆಯನ್ನು ಹಿಂಡಬೇಡಿ, ಹಿಂಡಿದರೆ ಬಗ್ಗಡವಾಗುತ್ತದೆ. ತಣಿದ ಮೇಲೆ 60 ಮಿಲಿ ನಿಂಬೆರಸ ಬೆರೆಸಿ. ಕುಡಿಯುವಾಗ ಒಂದು ಪಾಲಿಗೆ ಎರಡು ಪಾಲು ತಣ್ಣೀರು.

ಮದ್ಯ ಬೇಕಾದವರಿಗೆ ಇದೇ ಕಾರ್ಡಿಯಲ್ 30 ಮಿಲಿ, ಕೆಂಪು ವೈನ್ 90 ಮಿಲಿ, ಮೇಲೆ ಸೋಡಾ. ಎರಡರ ಬಣ್ಣವೂ ಒಂದೇ. ಕಥೆಗೆ ಅದು ಸರಿಯಾಗಿ ಹೊಂದುತ್ತದೆ, ಆದರೆ ಕಥೆಯಲ್ಲಾದ ತಪ್ಪು ನಿಮ್ಮ ಮೇಜಿನ ಮೇಲೆ ಆಗಬಾರದು. ವೈನ್ ಇರುವ ಗ್ಲಾಸಿನ ಕಾಲಿಗೆ ಕೆಂಪು ದಾರ ಕಟ್ಟಿ, ಬಂದವರಿಗೆಲ್ಲ ಮೊದಲೇ ಹೇಳಿ. ಮಕ್ಕಳಿದ್ದರೆ ವೈನಿನದ್ದು ಮಾಡಲೇಬೇಡಿ.

ಆಲಿಸಳ ಬಾಟಲಿ

ಇದನ್ನು ಬೇರೆಯಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ನಾನು ಅತಿ ಹೆಚ್ಚು ಸಲ ಮಾಡಿ ತಿದ್ದಿದ್ದು ಇದನ್ನೇ. 1865ರ ಆಲಿಸ್ ಕಥೆಯಲ್ಲಿ 'ನನ್ನನ್ನು ಕುಡಿ' ಅಂತ ಚೀಟಿ ಕಟ್ಟಿದ ಪುಟ್ಟ ಬಾಟಲಿ ಇದೆಯಲ್ಲ, ಅದರ ರುಚಿಯನ್ನು ಲೂಯಿಸ್ ಕ್ಯಾರಲ್ ಬರೆದಿಟ್ಟಿದ್ದಾರೆ. ಚೆರ್ರಿ ಟಾರ್ಟ್, ಕಸ್ಟರ್ಡ್, ಅನಾನಸ್, ಹುರಿದ ಟರ್ಕಿ ಕೋಳಿ, ಟಾಫಿ, ಬೆಣ್ಣೆ ಹಚ್ಚಿದ ಬಿಸಿ ಟೋಸ್ಟ್. ಎಲ್ಲವೂ ಒಟ್ಟಿಗೆ. ಇದನ್ನು ಕುಡಿಯಲು ಆಗುವ ಹಾಗೆ ಮಾಡಬಹುದಾ? ಖಂಡಿತ ಆಗುತ್ತದೆ.

ಮೊದಲ ತೊಂದರೆ ಅನಾನಸ್. ಹಸಿ ಅನಾನಸ್‌ನಲ್ಲಿ ಬ್ರೊಮಿಲೇನ್ ಅನ್ನುವ ಕಿಣ್ವ ಇದೆ. ಅದು ಹಾಲಿನ ಪ್ರೋಟೀನನ್ನು ಒಡೆಯುತ್ತದೆ, ಸ್ವಲ್ಪ ಹೊತ್ತಿಗೆ ಕಹಿ ಬರುತ್ತದೆ. ರಸವನ್ನು ಚೆನ್ನಾಗಿ ಕುದಿಸಿದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ. ಡಬ್ಬಿಯ ರಸ ಮೊದಲೇ ಬಿಸಿಯಾಗಿರುತ್ತದೆ, ಅದೂ ಆಗಬಹುದು. ಎರಡನೆಯ ತೊಂದರೆ ಹುಳಿ. ಬರೀ ಹಾಲಿಗೆ ಹುಳಿ ಬಿದ್ದರೆ ಒಡೆಯುತ್ತದೆ. ಕಸ್ಟರ್ಡ್ ಪುಡಿಯಲ್ಲಿರುವ ಪಿಷ್ಟ ಅದನ್ನು ಸಾಕಷ್ಟು ಹಿಡಿದಿಡುತ್ತದೆ.

ಎಂಟು ಪುಟ್ಟ ಗ್ಲಾಸಿಗೆ ಅಳತೆ ಹೇಳುತ್ತೇನೆ. ಎರಡು ಹೋಳು ಬ್ರೆಡ್ಡನ್ನು ಚೆನ್ನಾಗಿ ಕೆಂಪಗೆ ಸುಟ್ಟು, ಧಾರಾಳವಾಗಿ ಬೆಣ್ಣೆ ಹಚ್ಚಿ, 350 ಮಿಲಿ ಬಿಸಿ ಹಾಲಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಡಿ. ಒಂದು ಸೇಜ್ ಎಲೆಯನ್ನೂ ಹಾಕಿ, ಇಲ್ಲದಿದ್ದರೆ ಥೈಮ್ ಕಡ್ಡಿ. ಟರ್ಕಿ ಕೋಳಿಯ ಒಳಗೆ ತುಂಬುವ ಸೊಪ್ಪಿನ ವಾಸನೆ ಅದು. ಮಾಂಸ ಹಾಕದೆಯೂ ಆ ನೆನಪು ಬರುತ್ತದೆ. ಮೆಲ್ಲಗೆ ಸೋಸಿ. ಬಾಣಲೆಯಲ್ಲಿ ಮೂರು ಚಮಚ ಸಕ್ಕರೆಯನ್ನು ಕೆಂಪಗೆ ಕರಗಿಸಿ, ಅದಕ್ಕೆ ಸೋಸಿದ ಹಾಲನ್ನು ಸುರಿಯಿರಿ. ಸಿಡಿಯುತ್ತದೆ, ಮುಖ ದೂರ ಇರಲಿ. ಇದೇ ಟಾಫಿ. ಒಂದೂವರೆ ಟೀ ಚಮಚ ಕಸ್ಟರ್ಡ್ ಪುಡಿಯನ್ನು ತಣ್ಣಗಿನ ಹಾಲಿನಲ್ಲಿ ಕದಡಿ ಹಾಕಿ, ಕುದಿ ಬಂದು ತೆಳ್ಳಗೆ ಗಟ್ಟಿಯಾದ ಮೇಲೆ ಇಳಿಸಿ. ಎರಡು ಚಿಟಿಕೆ ಉಪ್ಪು ಮರೆಯಬೇಡಿ. ಪೂರ್ತಿ ತಣ್ಣಗಾದ ಮೇಲೆ 150 ಮಿಲಿ ಅನಾನಸ್ ರಸವನ್ನು ಸಣ್ಣ ಧಾರೆಯಲ್ಲಿ ಬೆರೆಸುತ್ತಾ ಕಡೆಯಿರಿ. ರಸಕ್ಕೆ ಕಸ್ಟರ್ಡ್ ಸುರಿಯಬಾರದು, ಕಸ್ಟರ್ಡಿಗೆ ರಸ ಸುರಿಯಬೇಕು.

ಪುಸ್ತಕದ ಸಾಲಿನಲ್ಲಿ ಚೆರ್ರಿ ಮೊದಲು, ಟೋಸ್ಟ್ ಕೊನೆಗೆ. ಬಾಯಿಗೂ ಅದೇ ಕ್ರಮದಲ್ಲಿ ಬರಲಿ ಅಂತ ಪ್ರತಿ ಗ್ಲಾಸಿನ ಮೇಲೆ ಕಡ್ಡಿ ಚುಚ್ಚಿದ ಹುಳಿ ಚೆರ್ರಿ ಇಡುತ್ತೇನೆ. ಮೊದಲು ಅದನ್ನು ತಿನ್ನಬೇಕು, ಆಮೇಲೆ ಕುಡಿಯಬೇಕು. ಎಲ್ಲ ಮುಗಿದ ಮೇಲೆ ಗಂಟಲಲ್ಲಿ ಉಳಿಯುವುದು ಸುಟ್ಟ ಬ್ರೆಡ್ಡಿನ ವಾಸನೆ. ಮೊದಲ ಸಲ ಅದು ಸರಿಯಾಗಿ ಬಂದಾಗ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಆ ಪುಟವನ್ನು ಮತ್ತೆ ಜೋರಾಗಿ ಓದಿದ್ದೆ. ಗ್ಲಾಸ್ 60 ಮಿಲಿಗಿಂತ ದೊಡ್ಡದು ಬೇಡ. ಆಲಿಸ್ ಕುಡಿದು ಹತ್ತು ಇಂಚಿಗೆ ಇಳಿಯುತ್ತಾಳೆ ಅಲ್ವಾ, ಗ್ಲಾಸೂ ಪುಟ್ಟದಿದ್ದರೆ ಚೆಂದ. ಮದ್ಯ ಬೇಕಾದವರ ಗ್ಲಾಸಿಗೆ 15 ಮಿಲಿ ಡಾರ್ಕ್ ರಮ್ ಸಾಕು.

ಏನೂ ಇಲ್ಲದ ದೃಶ್ಯಕ್ಕೆ ರುಚಿ ಹುಡುಕುವುದು

ಇಲ್ಲಿ ಕೈ ಕಟ್ಟಿಹಾಕಿದ ಹಾಗೆ ಆಗುತ್ತದೆ. ಅದಕ್ಕೇ ಒಂದು ಗಟ್ಟಿ ಚೌಕಟ್ಟು ಬೇಕು. ನನ್ನದು ಹೀಗಿದೆ: 60 ಮಿಲಿ ಮದ್ಯ, 25 ಮಿಲಿ ನಿಂಬೆರಸ, 20 ಮಿಲಿ ಸಕ್ಕರೆ ಪಾಕ. ಪಾಕ ಅಂದರೆ ಸಕ್ಕರೆ, ನೀರು ಸಮ ಸಮ. ಐಸ್ ತುಂಬಿ ಹದಿನೈದು ಸೆಕೆಂಡು ಶೇಕ್ ಮಾಡಿ ಸೋಸಿದರೆ ಕುಡಿಯುವ ಹಾಗಿನ ಪಾನೀಯ ಸಿದ್ಧ. ಅಳೆಯಲು ಜಿಗ್ಗರ್ ಅನ್ನುವ ಪುಟ್ಟ ಅಳತೆ ಲೋಟ ಬಳಸಿ, ಕಣ್ಣಳತೆ ಬೇಡ. ಈಗ ಇದರಲ್ಲಿ ಒಂದೊಂದೇ ಭಾಗವನ್ನು ಕಥೆಗೆ ತಕ್ಕಂತೆ ಬದಲಿಸಿ. ಒಂದು ಸಲಕ್ಕೆ ಎರಡಕ್ಕಿಂತ ಜಾಸ್ತಿ ಬದಲಿಸಿದರೆ ದಾರಿ ತಪ್ಪುತ್ತದೆ.

ಆ ಸಮುದ್ರದ ಕಥೆಯನ್ನು ಮೂರು ವರ್ಷದ ಮೇಲೆ ಮತ್ತೆ ಓದಿದೆವು. ಈ ಸಲ ನೀಲಿ ಇರಲಿಲ್ಲ. ಹೊಗೆ ವಾಸನೆಯ ವಿಸ್ಕಿ 45 ಮಿಲಿ, ನಿಂಬೆರಸ 20, ಜೇನಿನ ಪಾಕ 20, ಮೂರು ಹನಿ ಉಪ್ಪುನೀರು. ಉಪ್ಪುನೀರಿಗೆ 20 ಗ್ರಾಂ ಉಪ್ಪು, 80 ಮಿಲಿ ನೀರು. ಪುಟ್ಟ ಡ್ರಾಪರ್ ಬಾಟಲಿಯಲ್ಲಿ ಇಟ್ಟುಕೊಳ್ಳಿ. ನೋಡಲು ಮಬ್ಬು ಹಳದಿ, ಫೋಟೊಗೆ ಏನೂ ಅಲ್ಲ. ಆದರೆ ಗ್ಲಾಸ್ ಮೂಗಿನ ಹತ್ತಿರ ತಂದ ಕೂಡಲೇ ಒಬ್ಬರು "ಲಾಟೀನು!" ಅಂದರು. ನನ್ನ ಗೆಳತಿಗೆ ಅದೇ ಪಾನೀಯದಲ್ಲಿ ವಿಸ್ಕಿಯ ಬದಲು ಲ್ಯಾಪ್ಸಾಂಗ್ ಸೂಚಾಂಗ್ ಚಹಾ. ಪೈನ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುವ ಚಹಾ ಅದು. ಗಟ್ಟಿಯಾಗಿ ಕುದಿಸಿ, ತಣಿಸಿ, 60 ಮಿಲಿ ಹಾಕಿದೆ. ಅವಳ ಗ್ಲಾಸಿನಲ್ಲೇ ಹೊಗೆ ಹೆಚ್ಚು ಚೆನ್ನಾಗಿತ್ತು ಅಂತ ಉಳಿದವರೂ ಅದನ್ನೇ ಕೇಳಿದರು.

ಹಿಮದ ಕಾಡು ಬಂದರೆ ಜಿನ್ ಹಿಡಿಯಿರಿ. ಜಿನ್‌ಗೆ ಆ ವಾಸನೆ ಕೊಡುವುದೇ ಜುನಿಪರ್ ಕಾಯಿ. ಜೊತೆಗೆ ರೋಸ್‌ಮೆರಿ. ಹಳೆಯ ಮನೆ, ಮುಚ್ಚಿದ ಕೋಣೆ ಅಂದರೆ ನನಗೆ ಒಣ ಹಣ್ಣು, ಕಪ್ಪು ಚಹಾ, ಚೂರು ಏಲಕ್ಕಿ. ನಿಮಗೆ ಬೇರೆ ಇರಬಹುದು, ನಿಮ್ಮ ಮೂಗನ್ನೇ ನಂಬಿ.

ಬಣ್ಣವನ್ನು ನಾನು ಪೂರ್ತಿ ಬಿಟ್ಟಿಲ್ಲ. ಕಥೆ ಕೇಳಿದಾಗ ಬಳಸುತ್ತೇನೆ. ಪಾತ್ರವೊಂದು ನಾವಂದುಕೊಂಡವರಲ್ಲ ಅಂತ ಕೊನೆಗೆ ಗೊತ್ತಾಗುವ ಕಥೆಗೆ ಶಂಖಪುಷ್ಪ ಸರಿ. ಒಂದು ಚಮಚ ಒಣ ಹೂವನ್ನು 250 ಮಿಲಿ ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿದರೆ ಕಡುನೀಲಿ. ಹುಳಿ ಬಿದ್ದ ಕೂಡಲೇ ಅದರ ಆಂಥೋಸಯನಿನ್ ಅನ್ನುವ ಬಣ್ಣದ ವಸ್ತು ನೇರಳೆಗೆ, ಗುಲಾಬಿಗೆ ತಿರುಗುತ್ತದೆ. ನಿಂಬೆರಸವನ್ನು ಬೇರೆ ಪುಟ್ಟ ಜಗ್ಗಿನಲ್ಲಿ ಕೊಡಿ. ಆ ಪುಟವನ್ನು ಓದಿ, ಗುಟ್ಟು ಬಯಲಾಗುವ ಸಾಲಿಗೆ ಎಲ್ಲರೂ ಒಟ್ಟಿಗೆ ಸುರಿಯಲಿ.

ಮದ್ಯ ಇಲ್ಲದೆಯೂ ಗಟ್ಟಿಯಾಗಿರಲಿ

ಕಾಕ್‌ಟೇಲ್‌ನಿಂದ ಮದ್ಯ ತೆಗೆದರೆ ಬರೀ ಶರಬತ್ತು ಉಳಿಯುತ್ತದೆ. ಯಾಕೆಂದರೆ ಮದ್ಯ ಗಂಟಲಿಗೆ ಸ್ವಲ್ಪ ಉರಿ ಕೊಡುತ್ತದೆ, ಬಾಯಿ ತುಂಬುತ್ತದೆ. ಆ ಎರಡನ್ನೂ ಬೇರೆ ಕಡೆಯಿಂದ ತರಬೇಕು. ಉರಿಗೆ ಶುಂಠಿ ರಸ, ಕಾಳುಮೆಣಸು. ಒಗರಿಗೆ ಗಟ್ಟಿ ಚಹಾ. ಕಹಿಗೆ ಟಾನಿಕ್ ವಾಟರ್ ಅಥವಾ ದ್ರಾಕ್ಷಿಹಣ್ಣಿನ ಜಾತಿಯದಲ್ಲದ, ಕಿತ್ತಳೆ ಜಾತಿಯ ಗ್ರೇಪ್‌ಫ್ರೂಟ್. ನನಗೆ ಹೆಚ್ಚು ನೆರವಾಗಿದ್ದು ಶ್ರಬ್. ಹಣ್ಣು, ಸಕ್ಕರೆ, ವಿನೆಗರ್ ಸಮ ತೂಕ. ಹಣ್ಣು ಸಕ್ಕರೆ ಕಿವುಚಿ ಒಂದು ದಿನ ಫ್ರಿಜ್‌ನಲ್ಲಿಟ್ಟು, ಸೋಸಿ, ಆ್ಯಪಲ್ ಸೈಡರ್ ವಿನೆಗರ್ ಬೆರೆಸುವುದು. 30 ಮಿಲಿಗೆ ಸೋಡಾ ಸುರಿದರೆ ನಿಧಾನವಾಗಿ ಗುಟುಕು ಗುಟುಕಾಗಿ ಕುಡಿಯುವ ಪಾನೀಯ ಆಗುತ್ತದೆ. ಅದೇ ಥರದ ಗ್ಲಾಸಿನಲ್ಲಿ, ಅದೇ ಅಲಂಕಾರದಲ್ಲಿ ಕೊಡಿ.

ಇವು ಬೇಡ

ಮಾಟದ ಪಾನೀಯ ಅಂತ ಡ್ರೈ ಐಸ್ (ಹೆಪ್ಪುಗಟ್ಟಿದ ಕಾರ್ಬನ್ ಡೈಆಕ್ಸೈಡ್) ಚೂರನ್ನು ಗ್ಲಾಸಿಗೆ ಹಾಕುವವರಿದ್ದಾರೆ. ಅದು ಮೈನಸ್ 78.5 ಡಿಗ್ರಿ. ನುಂಗಿದರೆ ಒಳಗೆಲ್ಲ ಸುಟ್ಟುಹೋಗುತ್ತದೆ. ಹೊಗೆ ಬೇಕಿದ್ದರೆ ರೋಸ್‌ಮೆರಿ ಕಡ್ಡಿಯನ್ನು ಸುಟ್ಟು ಅದರ ಮೇಲೆ ಗ್ಲಾಸ್ ಮಗುಚಿಡಿ. ಕಪ್ಪು ಬಣ್ಣಕ್ಕೆ ಆ್ಯಕ್ಟಿವೇಟೆಡ್ ಚಾರ್ಕೋಲ್ ಅನ್ನುವ ಇದ್ದಿಲ ಪುಡಿ ಬೇಡವೇ ಬೇಡ. ಅದು ಮಾತ್ರೆ, ಔಷಧಿಗಳನ್ನು ಹೀರಿಕೊಂಡುಬಿಡುತ್ತದೆ. ಬಂದವರಲ್ಲಿ ಯಾರು ಏನು ತಗೊಳ್ಳುತ್ತಿದ್ದಾರೋ ನಮಗೆ ಗೊತ್ತಿರುವುದಿಲ್ಲ. ಬ್ಲ್ಯಾಕ್‌ಬೆರಿ ರಸ ಸಾಕು. ಹೂವಿನ ಅಂಗಡಿಯ ಹೂವು ಗ್ಲಾಸಿಗೆ ಹಾಕಬೇಡಿ, ಅದಕ್ಕೆ ಕೀಟನಾಶಕ ಹೊಡೆದಿರಬಹುದು. ಕಣಗಿಲೆಯಂಥ ಹೂವಂತೂ ವಿಷ. ಮಿನುಗು ಪುಡಿಯ ಪೊಟ್ಟಣದ ಮೇಲೆ ತಿನ್ನಬಹುದು ಅಂತ ಸ್ಪಷ್ಟವಾಗಿ ಬರೆದಿರಬೇಕು. ವಿಷವಲ್ಲ ಅಂತ ಮಾತ್ರ ಇದ್ದರೆ ಸಾಲದು. ನೊರೆಗೆ ಹಸಿ ಮೊಟ್ಟೆಯ ಬಿಳಿಯ ಬದಲು ಕಾಬೂಲಿ ಕಡಲೆ ಬೇಯಿಸಿದ ನೀರು 30 ಮಿಲಿ ಹಾಕಿ, ಅಷ್ಟೇ ಚೆನ್ನಾಗಿ ಬರುತ್ತದೆ. ಬೀಜ, ಹಾಲು, ಮೀನು ಯಾರಿಗೆ ಆಗುವುದಿಲ್ಲ ಅಂತ ಮೊದಲೇ ಕೇಳಿಕೊಳ್ಳಿ.

ಆ ಸಂಜೆ

ಎರಡು ಪಾನೀಯ, ಮೂರು ತಿಂಡಿ. ಅದಕ್ಕಿಂತ ಜಾಸ್ತಿ ಬೇಡ. ಜಾಸ್ತಿಯಾದರೆ ನೀವು ಅಡುಗೆಮನೆಯಲ್ಲೇ ಉಳಿಯುತ್ತೀರಿ, ಮಾತು ಹೊರಗೆ ನಡೆಯುತ್ತಿರುತ್ತದೆ. ಬರೀ ಮದ್ಯದ, ಕಲಕುವ ಕಾಕ್‌ಟೇಲ್ ಇದ್ದರೆ ಬೆಳಿಗ್ಗೆಯೇ ಬಾಟಲಿಯಲ್ಲಿ ಬೆರೆಸಿ, ಅದರ ಐದನೇ ಒಂದು ಭಾಗದಷ್ಟು ನೀರು ಸೇರಿಸಿ ಫ್ರೀಜರಿನಲ್ಲಿಡಿ. ಐಸ್ ಕರಗಿ ಸೇರಬೇಕಾದ ನೀರು ಅದು. ನಿಂಬೆರಸ ಮಾತ್ರ ಅವತ್ತೇ ಹಿಂಡಿದ್ದಾಗಬೇಕು.

ಪ್ರತಿಯೊಂದನ್ನು ಕೊಡುವ ಮುಂಚೆ ಅದು ಬಂದ ಪುಟವನ್ನು ಯಾರಾದರೂ ಓದಲಿ. ಅರ್ಧ ನಿಮಿಷ ಸಾಕು. ಇದನ್ನು ಬಿಟ್ಟ ಸಂಜೆಗಳಲ್ಲಿ ಊಟ ಚೆನ್ನಾಗಿದ್ದರೂ ಕಥೆ ಬಂದಿರಲಿಲ್ಲ.

ಚಳಿ ಇದ್ದರೆ ಕೊನೆಗೆ ಸ್ಮೋಕಿಂಗ್ ಬಿಷಪ್ ಅನ್ನುವ ಬಿಸಿ ವೈನ್ ಪಾನೀಯ ಮಾಡಿ. 1843ರಲ್ಲಿ ಬಂದ ಡಿಕನ್ಸ್ ಅವರ ಕ್ರಿಸ್ಮಸ್ ಕಥೆಯ ಕೊನೆಯಲ್ಲಿ, ವರ್ಷಗಟ್ಟಲೆ ಗುಮಾಸ್ತನನ್ನು ಚಳಿಯಲ್ಲಿ ಕೂರಿಸಿದ ಯಜಮಾನ ಅವನ ಜೊತೆ ಕುಡಿಯೋಣ ಅನ್ನುವುದು ಇದನ್ನೇ. ಹಿಂದಿನ ದಿನವೇ ಶುರು ಮಾಡಬೇಕು. ಆರು ಕಿತ್ತಳೆಯನ್ನು ಓವನ್‌ನಲ್ಲಿ ತೆಳು ಕಂದು ಬಣ್ಣಕ್ಕೆ ಸುಟ್ಟು, ಒಂದೊಂದಕ್ಕೂ ಐದು ಲವಂಗ ಚುಚ್ಚಿ. ಸೆವಿಲ್ ಅನ್ನುವ ಕಹಿ ಕಿತ್ತಳೆ ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ಎರಡು ನಿಂಬೆಯನ್ನೂ ಸೇರಿಸಿ. ಬಿಸಿ ಪಾತ್ರೆಯಲ್ಲಿಟ್ಟು 110 ಗ್ರಾಂ ಸಕ್ಕರೆ, ಒಂದು ಬಾಟಲಿ ಕೆಂಪು ವೈನ್ ಹಾಕಿ, ಇಪ್ಪತ್ತನಾಲ್ಕು ಗಂಟೆ ಮುಚ್ಚಿಡಿ. ಮಾರನೆಯ ದಿನ ಹಣ್ಣು ಹಿಂಡಿ, ಸೋಸಿ, ಒಂದು ಬಾಟಲಿ ಪೋರ್ಟ್ ವೈನ್ ಸೇರಿಸಿ ಬಿಸಿ ಮಾಡಿ. ಆವಿ ಬಂದರೆ ಸಾಕು, ಕುದಿಯಬಾರದು. ಮದ್ಯ 78 ಡಿಗ್ರಿಗೇ ಕುದಿಯುತ್ತದೆ, ಹಾರಿಹೋಗುತ್ತದೆ. ಮದ್ಯ ಬೇಡದವರಿಗೆ ಇನ್ನೊಂದು ಪಾತ್ರೆಯಲ್ಲಿ ಇದೇ ಕಿತ್ತಳೆ, ಇದೇ ಲವಂಗ, ಆದರೆ ಮೂರು ಪಾಲು ಕಪ್ಪು ದ್ರಾಕ್ಷಿ ರಸ, ಒಂದು ಪಾಲು ಗಟ್ಟಿ ಚಹಾ. ರಸದಲ್ಲೇ ಸಿಹಿ ಇರುವುದರಿಂದ ಇದಕ್ಕೆ ಸಕ್ಕರೆ ಬೇಡ.

ಇದನ್ನು ಗ್ಲಾಸಿಗೆ ಹಾಕಿ ತಂದುಕೊಡಬೇಡಿ. ಎರಡು ಪಾತ್ರೆಯನ್ನೂ ಸೌಟಿನ ಸಮೇತ ಮೇಜಿನ ನಡುವೆ ಇಡಿ. ಒಬ್ಬರು ಇನ್ನೊಬ್ಬರಿಗೆ ಬಡಿಸಲಿ. ಮನೆಗೆ ಗಾಡಿ ಓಡಿಸುವವರು ಯಾರು ಅಂತ ಕೇಳಿ, ಅವರಿಗೆ ಎರಡನೆಯ ಪಾತ್ರೆಯಿಂದ. ಉಳಿದದ್ದನ್ನು ಸೋಸಿ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಮತ್ತೆ ಬಿಸಿ ಮಾಡುವಾಗ ಹೊಸದಾಗಿ ಒಂದು ಸೀಳು ಕಿತ್ತಳೆ ಸಿಪ್ಪೆ ಹಾಕಿ.